ಲಾರಿಯ ಬೀಸಣಿಗೆ ಮತ್ತೆ ಮತ್ತೆ ಕೆಡುವುದೇಕೆ?

ಭಟ್ಕಳ, ಹೊನ್ನಾವರ, ಕುಮಟಾಗಳನ್ನು ಪೋಣಿಸಿಕೊಂಡು ಸಾಗುವ ಕರಾವಳಿಯ ಹೆದ್ದಾರಿಯಲ್ಲಿ ಲಾರಿಗಳು ಹಗಲಿರುಳೂ ಓಡುತ್ತವೆ. ಒಂದೆಡೆ ಕಡಲಿನ ಉಪ್ಪುಗಾಳಿ, ಇನ್ನೊಂದೆಡೆ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿದ ಮಳೆ. ಚಾಲಕನ ಕೋಣೆಗೆ ಗಾಳಿಯೂಡುವ ಬೀಸಣಿಗೆ ಕೆಟ್ಟಿತು, ದುರಸ್ತಿಯಾಯಿತು, ಕೆಲವೇ ತಿಂಗಳಲ್ಲಿ ಮತ್ತೆ ಕೆಟ್ಟಿತು. ಇಂಥ ಅನುಭವ ಲಾರಿಯವರಿಗೆ ಹೊಸದಲ್ಲ. ಇದರ ಕಾರಣವೇನೆಂದು ವಿಚಾರಿಸೋಣ.

ಇದು ಕೇವಲ ಸುಖದ ಪ್ರಶ್ನೆಯಲ್ಲ. ಸೆಕೆಯಲ್ಲಿ ಬೇಯುವ ಚಾಲಕನು ಬೇಗ ದಣಿಯುತ್ತಾನೆ. ಆದುದರಿಂದಲೇ ೨೦೨೫ರಿಂದ ನಮ್ಮ ದೇಶದಲ್ಲಿ ತಯಾರಾಗುವ, ೩.೫ ಟನ್ನಿಗೆ ಮೀರಿದ ಸರಕು ವಾಹನಗಳ ಚಾಲಕ ಕೋಣೆಗೆ ಹವಾನಿಯಂತ್ರಣವನ್ನು ಕಡ್ಡಾಯ ಮಾಡಲಾಗಿದೆ. ಮಳೆಗಾಲದಲ್ಲಿ ಇನ್ನೊಂದು ಅಪಾಯವುಂಟು. ಉಸಿರಿನ ತೇವವು ತಣ್ಣನೆಯ ಗಾಜಿನ ಮೇಲೆ ಹನಿಗಟ್ಟುತ್ತದೆ. ಅದನ್ನು ಅಳಿಸುವುದು ಬೀಸಣಿಗೆ ತರುವ ಒಣಗಾಳಿ. ದೇವಿಮನೆ ಘಟ್ಟದ ತಿರುವಿನಲ್ಲಿ ಅದು ನಿಂತರೆ, ಚಾಲಕನ ಕಣ್ಣಿಗೆ ತೆರೆ ಎಳೆದಂತೆಯೇ ಸರಿ.

ಬಿಸಿಗಾಳಿಗೂ ತಂಗಾಳಿಗೂ ಇರುವುದು ಒಂದೇ ಬೀಸಣಿಗೆ. ಹಲವು ಲಾರಿಗಳಲ್ಲಿ ಅದರ ವೇಗವನ್ನು ತಗ್ಗಿಸಲು ವಿದ್ಯುತ್ತಿನ ದಾರಿಯಲ್ಲಿ ನಿರೋಧಕದ ಸುರುಳಿಗಳನ್ನು ಇಟ್ಟಿರುತ್ತಾರೆ. ಅತ್ಯಧಿಕ ವೇಗದಲ್ಲಿ ಮಾತ್ರ ವಿದ್ಯುತ್ತು ಸುರುಳಿಯನ್ನು ಬಳಸದೆ ನೇರವಾಗಿ ಮೋಟಾರಿಗೆ ಹೋಗುತ್ತದೆ. ಆದಕಾರಣ ಕಡಿಮೆ ವೇಗಗಳಲ್ಲಿ ನಿಂತು, ಪೂರ್ಣ ವೇಗದಲ್ಲಿ ಮಾತ್ರ ಬೀಸಣಿಗೆ ತಿರುಗಿದರೆ, ನಿರೋಧಕವು ಸುಟ್ಟಿದೆಯೆಂದು ಬಹುಮಟ್ಟಿಗೆ ಊಹಿಸಬಹುದು.

ಆದರೆ ಸುಟ್ಟದ್ದು ರೋಗವಲ್ಲ, ರೋಗದ ಲಕ್ಷಣ. ಸುರುಳಿಯಲ್ಲಿ ಹುಟ್ಟುವ ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಜೂಲನು ೧೮೪೧ರಲ್ಲಿ ತೋರಿಸಿದನು. ೨ ಓಮ್ ನಿರೋಧದಲ್ಲಿ ೫ ಆಂಪಿಯರ್ ಹರಿದರೆ ೫೦ ವಾಟ್ ಶಾಖ; ೭ ಆಂಪಿಯರ್ ಹರಿದರೆ ೯೮ ವಾಟ್. ಪ್ರವಾಹವು ಒಂದೂವರೆ ಪಟ್ಟೂ ಆಗಿಲ್ಲ, ಶಾಖವೋ ಇಮ್ಮಡಿಯಾಯಿತು!

ಹೀಗೆ ಪ್ರವಾಹವನ್ನು ಹೆಚ್ಚಿಸುವುದು ಸವೆದ ಅಥವಾ ತುಕ್ಕು ಹಿಡಿದ ಬೇರಿಂಗ್. ಮೋಟಾರು ಕಷ್ಟಪಟ್ಟು ತಿರುಗಿದಷ್ಟೂ ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಎರಡನೆಯ ಕಾರಣ ಗಾಳಿಯ ಕೊರತೆ. ಬೀಸಣಿಗೆಯ ಗಾಳಿಯಿಂದಲೇ ತಣಿಯಲೆಂದು ಸುರುಳಿಯನ್ನು ಗಾಳಿಯ ಕೊಳವೆಯೊಳಗೆ ಕೂರಿಸಿರುತ್ತಾರೆ. ಧೂಳು, ತರಗೆಲೆಗಳಿಂದ ಶೋಧಕವು ಮುಚ್ಚಿದರೆ ಅದಕ್ಕೆ ತಂಪು ದೊರೆಯದು. ಮೂರನೆಯದು ಕರಾವಳಿಯ ವಿಶೇಷ ಪೀಡೆ. ಉಪ್ಪಿನ ತೇವವು ಪ್ಲಗ್ಗಿನ ಲೋಹವನ್ನು ತಿಂದು, ಅಲ್ಲಿ ಹೊಸ ನಿರೋಧವನ್ನು ಹುಟ್ಟಿಸುತ್ತದೆ. ಅದು ಓಮಿನ ಹತ್ತನೆಯ ಒಂದು ಭಾಗವಾದರೂ, ೧೦ ಆಂಪಿಯರ್ ಹರಿಯುವಾಗ ಉಗುರಿನಷ್ಟು ಜಾಗದಲ್ಲಿ ೧೦ ವಾಟ್ ಶಾಖವೇಳುತ್ತದೆ. ಪ್ಲಾಸ್ಟಿಕ್ಕು ಕರಗಲು ಇಷ್ಟು ಸಾಕು.

ಆದುದರಿಂದ ಹೊಸ ನಿರೋಧಕವನ್ನು ಕೊಳ್ಳುವ ಮುನ್ನ ಕ್ರಮವಾಗಿ ಪರೀಕ್ಷಿಸಬೇಕು. ಬ್ಯಾಟರಿಯ ತಂತಿಯನ್ನು ಬಿಡಿಸಿ, ಬೀಸಣಿಗೆಯನ್ನು ಕೈಯಿಂದ ತಿರುಗಿಸಿ ನೋಡಿರಿ. ಅದು ಕರಕರ ಸದ್ದಿಲ್ಲದೆ ಸರಾಗವಾಗಿ ತಿರುಗಬೇಕು. ಶೋಧಕವನ್ನೂ ಕೊಳವೆಯನ್ನೂ ಶುಚಿಗೊಳಿಸಿರಿ. ಕರಗಿದ ಪ್ಲಗ್ಗನ್ನು ತಂತಿಯ ಕಪ್ಪಾದ ತುದಿಯೊಡನೆ ಕತ್ತರಿಸಿ, ಹೊಸದನ್ನು ಬಿಗಿಯಾಗಿ ಜೋಡಿಸಿರಿ. ಚಾಸಿಗೆ ಸೇರುವ ಭೂತಂತಿಯ ತುಕ್ಕನ್ನು ಉಜ್ಜಿ ತೆಗೆಯಿರಿ. ಕೊನೆಗೆ ತಂತಿಯನ್ನು ಮರಳಿ ಕೂಡಿಸಿ ಮೋಟಾರಿನ ಪ್ರವಾಹವನ್ನು ಅಳೆದು, ತಯಾರಕರು ಹೇಳಿದ ಮಿತಿಯೊಡನೆ ಹೋಲಿಸಬೇಕು. ಮೀರಿದ್ದರೆ ಮೋಟಾರನ್ನೇ ಬದಲಿಸುವುದು ಲೇಸು. ಹೊಸ ನಿರೋಧಕದ ಸರದಿ ಇದರ ಬಳಿಕ.

ಫ್ಯೂಸು ಪದೇ ಪದೇ ಹೋಗುತ್ತದೆಂದು ಅದರ ಸ್ಥಾನದಲ್ಲಿ ದೊಡ್ಡ ಫ್ಯೂಸನ್ನೋ ತಂತಿಯ ತುಂಡನ್ನೋ ಹಾಕುವ ರೂಢಿಯುಂಟು. ಇದು ಬೆಂಕಿಗೆ ಆಹ್ವಾನವಿತ್ತಂತೆ. ಫ್ಯೂಸು ಅಗ್ಗದ ಕಾವಲುಗಾರ. ಅದನ್ನು ಕಟ್ಟಿಹಾಕಿದರೆ ಮುಂದೆ ಸುಡುವುದು ತಂತಿಯ ಕಟ್ಟು, ಆಮೇಲೆ ಲಾರಿ.

ಸುಟ್ಟ ಭಾಗವನ್ನು ಬದಲಿಸುವುದು ಸುಲಭ. ಅದೇಕೆ ಸುಟ್ಟಿತೆಂದು ಕೇಳಿದಾಗಲೇ ದುರಸ್ತಿಯು ಪೂರ್ಣವಾಗುತ್ತದೆ.