ಫಿಸಿಕ್ಸ್ ತಲೆಗೆ ಹತ್ತುವುದಿಲ್ಲವೇ?

ಗುಬ್ಬಿ, ಕುಣಿಗಲ್ ಕಡೆಯ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ತುಮಕೂರಿನ ಕಾಲೇಜುಗಳಿಗೆ ಬರುವ ಮಕ್ಕಳಲ್ಲಿ ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲೇ ವಿಜ್ಞಾನ ಓದಿದವರು ಕಡಿಮೆಯಿಲ್ಲ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದವರೇ ಪಿಯುಸಿ ಸೇರಿ ಎರಡು ತಿಂಗಳಾಗುವಷ್ಟರಲ್ಲಿ ‘ಫಿಸಿಕ್ಸ್ ನನ್ನ ತಲೆಗೆ ಹತ್ತೋದಿಲ್ಲ’ ಎಂದು ಕೈಚೆಲ್ಲುವುದುಂಟು. ‘ವೇಗೋತ್ಕರ್ಷ’ ಇದ್ದದ್ದು ‘ಆಕ್ಸಿಲರೇಶನ್’ ಆಗಿರುತ್ತದೆ, ‘ಸಂವೇಗ’ ‘ಮೊಮೆಂಟಮ್’ ಆಗಿರುತ್ತದೆ. ಪದ ಗೊತ್ತಾಗದ್ದನ್ನು ವಿಷಯವೇ ಗೊತ್ತಾಗಲಿಲ್ಲವೆಂದು ಮಕ್ಕಳು ತಿಳಿದುಬಿಡುತ್ತಾರೆ. ಜತೆಗೆ ಮನೆಯಲ್ಲಿ, ‘ನಮ್ಮ ವಂಶದಲ್ಲೇ ಯಾರಿಗೂ ಲೆಕ್ಕ ಬರಲಿಲ್ಲ, ಇವನಿಗೆಲ್ಲಿ ಬಂದೀತು’ ಎಂಬ ಮಾತೂ ಸೇರಿದರೆ ಮುಗಿದೇ ಹೋಯಿತು.

‘ಇದು ನನ್ನಿಂದ ಆಗುತ್ತದೆ’ ಎಂಬ ನಂಬಿಕೆ ಎಲ್ಲಿಂದ ಬರುತ್ತದೆ? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ 1977ರಲ್ಲಿ ಇದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು. ಎಲ್ಲಕ್ಕಿಂತ ಬಲವಾದದ್ದು ಸ್ವತಃ ಮಾಡಿ ಗೆದ್ದ ಅನುಭವ. ತನ್ನಂಥವನೇ ಒಬ್ಬ ಮಾಡಿದ್ದನ್ನು ನೋಡುವುದು, ಹಿರಿಯರ ಉತ್ತೇಜನ, ಮನಸ್ಸಿನ ನೆಮ್ಮದಿ ಉಳಿದವು. ‘ನೀನು ಜಾಣ ಕಣೋ’ ಎಂದು ಹತ್ತು ಸಲ ಬೆನ್ನು ತಟ್ಟುವುದಕ್ಕಿಂತ ಹುಡುಗ ತಾನೇ ಬಿಡಿಸಿದ ಒಂದು ಲೆಕ್ಕ ಹೆಚ್ಚು ಕೆಲಸ ಮಾಡುತ್ತದೆ.

ಅಂಥ ಲೆಕ್ಕಕ್ಕೆ ತೋಟವೇ ಸಾಕು. 20 ಮೀಟರ್ ಎತ್ತರದ ಮರದಿಂದ ತೆಂಗಿನಕಾಯಿ ಉದುರಿತೆನ್ನಿ. ಗುರುತ್ವದ ವೇಗೋತ್ಕರ್ಷವನ್ನು ಸುಮಾರಾಗಿ 10 ಎಂದಿಟ್ಟುಕೊಂಡು, ಗಾಳಿಯ ತಡೆಯನ್ನು ಬಿಟ್ಟರೆ, ಕಾಯಿ 2 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ ಸೆಕೆಂಡಿಗೆ 20 ಮೀಟರ್, ಅಂದರೆ ಗಂಟೆಗೆ 72 ಕಿಲೋಮೀಟರ್! (ಮರದ ಕೆಳಗೆ ನಿಲ್ಲಬೇಡವೆಂದು ಅಜ್ಜಿ ಗದರುವುದು ಸುಮ್ಮನಲ್ಲ.) ಇದನ್ನು ಬಿಡಿಸಿದವನಿಗೆ ಅದೇ ಸೂತ್ರ ಇಂಗ್ಲಿಷಿನಲ್ಲಿ ಎದುರಾದಾಗ ಗುರುತು ಸಿಗುತ್ತದೆ.

ಭೌತವಿಜ್ಞಾನಕ್ಕೆ ಕನ್ನಡ ಒಗ್ಗೀತೇ ಎಂಬ ಅನುಮಾನವೂ ಹಳೆಯದು. ತುಮಕೂರು ತಾಲ್ಲೂಕಿನ ಬೆಳ್ಳಾವಿ ಮೂಲದ ಬೆಳ್ಳಾವೆ ವೆಂಕಟನಾರಣಪ್ಪನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು. ನಂಗಪುರಂ ವೆಂಕಟೇಶ ಅಯ್ಯಂಗಾರರೊಡನೆ ಅವರು 1918ರಲ್ಲೇ ‘ವಿಜ್ಞಾನ’ ಎಂಬ ಕನ್ನಡ ಮಾಸಪತ್ರಿಕೆ ಹೊರಡಿಸಿದರು. ಇದೇ ಫಿಸಿಕ್ಸ್ ಮೇಷ್ಟ್ರು 1937ರಲ್ಲಿ ಜಮಖಂಡಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಆದರು.

ಮಕ್ಕಳು ಮಾಡಬಹುದಾದ ಸುಲಭದ ಕೆಲಸವೊಂದಿದೆ. ನೋಟ್‌ಬುಕ್ಕಿನ ಒಂದು ಬದಿ ಇಂಗ್ಲಿಷ್ ಪದ, ಎದುರಿಗೆ ಕನ್ನಡದ್ದು, ಕೆಳಗೆ ಊರಿನದೇ ಒಂದು ಉದಾಹರಣೆ. ಕಷ್ಟದ ಲೆಕ್ಕಕ್ಕೆ ಹೋಗುವ ಮೊದಲು ಹತ್ತನೆಯ ತರಗತಿಯ ನಾಲ್ಕು ಲೆಕ್ಕ ಬಿಡಿಸಿದರೆ ಕೈ ಪಳಗುತ್ತದೆ. ಪೋಷಕರಿಗೆ ಫಿಸಿಕ್ಸ್ ಬರಬೇಕಾಗಿಲ್ಲ. ‘ಇವತ್ತು ಏನು ಕಲಿತೆ, ನನಗೂ ಹೇಳು’ ಎಂದು ಕೇಳಿ ಕೂತರೆ ಸಾಕು. ಕೆಲವೊಮ್ಮೆ ಅವರಿಗೇ ಉತ್ತರ ಗೊತ್ತಿರುತ್ತದೆ. ಕುಣಿಗಲ್ ಸೀಮೆಯ ಯಾವ ರೈತರನ್ನು ಬೇಕಾದರೂ ಕೇಳಿ, ಕೆರೆ ಏರಿಯನ್ನು ತಳದಲ್ಲಿ ಅಷ್ಟು ಅಗಲ ಕಟ್ಟುವುದೇಕೆ ಎಂದು. ‘ಕೆಳಕ್ಕೆ ಹೋದಷ್ಟೂ ನೀರು ಜಾಸ್ತಿ ಒತ್ತುತ್ತೆ’ ಎನ್ನುತ್ತಾರೆ. ಪಿಯುಸಿ ಪುಸ್ತಕದ ‘ಪ್ರೆಶರ್’ ಪಾಠದಲ್ಲಿರುವುದೂ ಅದೇ ಮಾತು.