ಕಲರವವೆಂದರೇನು?

ಪ್ರಾತಃಕಾಲದ ವರ್ಣನೆ ಬಂದಲ್ಲಿ ಹಕ್ಕಿಗಳ ‘ಕಲರವ’ವೂ ಬರುವುದು ವಾಡಿಕೆ. ಅತಿಪರಿಚಯದಿಂದ ಈ ಶಬ್ದದ ಅರ್ಥವು ಸವೆದಿದೆ. ಸಂತೆಯ ಗದ್ದಲವನ್ನೂ ಸಭೆಯ ಕೂಗಾಟವನ್ನೂ ಕಲರವವೆಂದು ಬರೆಯುವವರುಂಟು. ಇದರಿಂದ ನಾವು ಕಳೆದುಕೊಳ್ಳುವುದೇನೆಂಬುದನ್ನು ವಿಚಾರಮಾಡೋಣ.

ಶಬ್ದವು ಸಂಸ್ಕೃತದ್ದು. ‘ರವ’ವೆಂದರೆ ಧ್ವನಿ. ‘ಕಲ’ವನ್ನು ಚಿತ್ರ, ಶಿಲ್ಪ ಮೊದಲಾದುವುಗಳ ‘ಕಲಾ’ ಶಬ್ದವೆಂದು ಭ್ರಮಿಸಬಾರದು. ಅಮರಸಿಂಹನು ತನ್ನ ನಿಘಂಟಿನಲ್ಲಿ ಧ್ವನಿಭೇದಗಳನ್ನು ಹೇಳುವಾಗ, ಗಂಭೀರವಾದುದು ಮಂದ್ರ, ಅತ್ಯುಚ್ಚವಾದುದು ತಾರ, ಮಧುರವೂ ಅಸ್ಫುಟವೂ ಆದುದು ಕಲ ಎಂದು ವಿಂಗಡಿಸಿದ್ದಾನೆ. ಈ ಎರಡು ಲಕ್ಷಣಗಳೂ ಕೂಡಿರಬೇಕೆಂಬುದೇ ಇಲ್ಲಿನ ಮರ್ಮ. ಕಾಗೆಯ ಕೂಗು ಮಧುರವಲ್ಲ. ಸಂಗೀತಗಾರನು ಬಿಡಿಸಿ ಹಾಡಿದ ಸ್ವರವು ಅಸ್ಫುಟವಲ್ಲ. ಆದುದರಿಂದ ಇವೆರಡೂ ಕಲವಲ್ಲ.

ಅದೇ ನಿಘಂಟಿನಲ್ಲಿ ‘ಕಲರವ’ವೆಂಬುದು ಪಾರಿವಾಳದ ಹೆಸರೂ ಆಗಿದೆ. ಈ ಹೆಸರು ಎಷ್ಟು ಸಾರ್ಥಕವೆಂಬುದನ್ನು ಮಾಡಿನಲ್ಲಿ ಕುಳಿತ ಪಾರಿವಾಳವನ್ನು ನೋಡಿಯೇ ತಿಳಿಯಬಹುದು. ಅದು ಗುಟುರುಹಾಕುವಾಗ ಕೊಕ್ಕನ್ನು ತೆರೆಯುವುದಿಲ್ಲ. ಕೊರಳು ಉಬ್ಬುತ್ತದೆ, ನಾದವು ಒಳಗೇ ಹೊರಳಿ ಮೃದುವಾಗಿ ಹೊರಬರುತ್ತದೆ. ಇಂಪುಂಟು, ಸ್ಪಷ್ಟತೆಯಿಲ್ಲ.

ಕನ್ನಡದಲ್ಲಿ ಇದರ ನೆರೆಯ ಶಬ್ದವೊಂದಿದೆ: ಇಂಚರ. ‘ಸ್ವರ’ವು ತದ್ಭವವಾಗಿ ‘ಸರ’ವಾಯಿತು, ‘ಇನಿದು’ ಎಂಬ ಅಚ್ಚಗನ್ನಡ ಶಬ್ದವು ಅದರೊಡನೆ ಸಮಾಸವಾದಾಗ ಸಕಾರಕ್ಕೆ ಚಕಾರವು ಆದೇಶವಾಗಿ ಬಂದಿತು. ‘ನುಣ್ಚರ’ವೂ ಹೀಗೆಯೇ ಆದುದು. ಇನಿಯ, ಇಮ್ಮಾವು ಎಂಬ ಮಾತುಗಳಲ್ಲಿರುವುದೂ ಈ ‘ಇನಿ’ಯೇ. ಮಾವಿನ ಹಣ್ಣಿಗೂ ಪ್ರಿಯನಿಗೂ ಹಕ್ಕಿಯ ದನಿಗೂ ಒಂದೇ ಸವಿಯನ್ನು ಕಂಡವರು ನಮ್ಮ ಹಿರಿಯರು.

ಇಂಚರವು ಸವಿಯೊಂದನ್ನೇ ಹೇಳುತ್ತದೆ. ಕಲರವವು ಸವಿಯೊಡನೆ ಅಸ್ಫುಟತೆಯನ್ನೂ ಹೇಳುತ್ತದೆ. ಕೋಗಿಲೆಗೆ ‘ಕಲಕಂಠ’ವೆಂಬ ಹೆಸರೂ ಇರುವುದರಿಂದ ಕಾವ್ಯದಲ್ಲಿ ಈ ಗೆರೆಯು ಕಟ್ಟುನಿಟ್ಟಾದುದಲ್ಲ, ನಿಜ. ಆದರೂ ಒಂದೊಂದೇ ಮೆಟ್ಟಿಲೇರುವ ಕೋಗಿಲೆಯ ಕೂಗಿಗೆ ಇಂಚರವೆಂಬುದು ಚೆನ್ನಾಗಿ ಒಪ್ಪುತ್ತದೆ. ಸಂಜೆಯಲ್ಲಿ ಆಲದ ಮರದೊಳಗೆ ನೂರು ಹಕ್ಕಿಗಳ ದನಿ ಬೆರೆತು, ಯಾವುದು ಯಾರದೆಂದು ತಿಳಿಯದಂತೆ ಮೆಲ್ಲನೆ ಕೇಳಿಬರುವುದಕ್ಕೆ ಕಲರವವೇ ತಕ್ಕ ಮಾತು. ತೊಟ್ಟಿಲ ಮಗುವಿನ ತೊದಲಿಗೂ ಅದು ಸಲ್ಲುತ್ತದೆ.

ಸಂತೆಗೆ ಗದ್ದಲವೆಂಬ ಶಬ್ದವೇ ಸಾಕು. ಕಲರವವನ್ನು ಅಲ್ಲಿಗೆ ಕೊಂಡೊಯ್ದರೆ ಗದ್ದಲವು ಇಂಪಾಗುವುದಿಲ್ಲ; ಅರ್ಥವಾಗದಿದ್ದರೂ ಹಿತವಾಗಿರುವ ಮೆಲುದನಿಯನ್ನು ಹೇಳಲು ನಮ್ಮಲ್ಲಿರುವ ಒಳ್ಳೆಯ ಮಾತೊಂದು ಮಾತ್ರ ಹಾಳಾಗುತ್ತದೆ.