ಸೀಸವಿಲ್ಲದ ಸೀಸದ ಕಡ್ಡಿ

ನಿಮ್ಮ ಮನೆಯ ಮಕ್ಕಳ ಚೀಲದಲ್ಲಿರುವ ಪೆನ್ಸಿಲಿಗೆ ಕನ್ನಡದಲ್ಲಿ ಸೀಸದ ಕಡ್ಡಿಯೆಂದು ಹೆಸರು. ಅದರೊಳಗೆ ಸೀಸವು ಎಳ್ಳಷ್ಟೂ ಇಲ್ಲ. ಈ ತಪ್ಪು ನಮ್ಮದಲ್ಲ. ಯುರೋಪಿನವರು ಬಹುಕಾಲ ಅದನ್ನು ಸೀಸದ ಒಂದು ಬಗೆಯೆಂದೇ ನಂಬಿದ್ದರು. ಅದು ಇದ್ದಲಿನ ಕುಲಕ್ಕೆ ಸೇರಿದುದೆಂದು ರಸಾಯನಶಾಸ್ತ್ರಜ್ಞ ಷೀಲೆ 1779ರಲ್ಲಿ ತೋರಿಸಿಕೊಟ್ಟನು. ಗ್ರಾಫೈಟ್ ಎಂಬ ಹೆಸರು ಬಂದುದು ಅದಕ್ಕೂ ಹತ್ತು ವರ್ಷ ತಡವಾಗಿ. ಅಷ್ಟರಲ್ಲಿ ಹಳೆಯ ಹೆಸರು ಬೇರೂರಿಬಿಟ್ಟಿದ್ದಿತು.

ಈ ವಸ್ತು ಬಳಕೆಗೆ ಬರುವ ಮೊದಲು ಅಲ್ಲಿನ ಚಿತ್ರಕಾರನಿಗೆ ನವುರಾದ ಗೆರೆ ಬೇಕಾದರೆ ಬೆಳ್ಳಿಯ ಮೊನೆಯೇ ಗತಿ. ಕಾಗದಕ್ಕೆ ಮೂಳೆಯ ಬೂದಿಯನ್ನೂ ಅಂಟನ್ನೂ ಬಳಿದು ಒಣಗಿಸಿ, ಅದರ ಮೇಲೆ ಬರೆಯಬೇಕು; ಬರೆದುದನ್ನು ಅಳಿಸುವುದು ಬಲು ಕಷ್ಟ. 1484ರಲ್ಲಿ, ಹದಿಮೂರರ ಹುಡುಗನಾಗಿದ್ದ ಡ್ಯೂರರ್ ತನ್ನ ಮುಖವನ್ನು ತಾನೇ ಬರೆದುಕೊಂಡದ್ದು ಈ ಮೊನೆಯಿಂದಲೇ. ಎಂಥ ಧೈರ್ಯದ ಕೈಯೆಂಬುದನ್ನು ನೀವೇ ಊಹಿಸಿರಿ!

ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡಿನ ಉತ್ತರಭಾಗದ ಬಾರೋಡೇಲ್ ಕಣಿವೆಯಲ್ಲಿ ಶುದ್ಧವಾದ ಗ್ರಾಫೈಟ್ ಗಡ್ಡೆಗಳು ಸಿಕ್ಕಿದುವು. ಗರಗಸದಿಂದ ಕೊಯ್ದು ಮರದೊಳಗೆ ಕೂರಿಸಿದರಾಯಿತು, ಕಡ್ಡಿ ಸಿದ್ಧ. ಗೆರೆ ತಪ್ಪಿದರೆ ರೊಟ್ಟಿಯ ಚೂರಿನಿಂದ ಉಜ್ಜಿ ಅಳಿಸಬಹುದು. ಆದರೆ ಅದರ ಮೇಲೆ ಕಣ್ಣಿಟ್ಟವರು ಚಿತ್ರಕಾರರಷ್ಟೇ ಅಲ್ಲ. ಫಿರಂಗಿಯ ಗುಂಡುಗಳನ್ನು ಎರಕಹೊಯ್ಯುವ ಅಚ್ಚುಗಳ ಒಳಮೈಗೆ ಬಳಿಯುವುದಕ್ಕೂ ಅದೇ ಬೇಕಾಗಿದ್ದಿತು. ಬೆಲೆ ಇಳಿಯದಿರಲೆಂದು ಒಡೆಯರು ಗಣಿಯನ್ನು ಆಗಾಗ ಮುಚ್ಚಿಡುತ್ತಿದ್ದರು. ಕಳ್ಳಸಾಗಣೆ ಎಷ್ಟು ಬೆಳೆಯಿತೆಂದರೆ, 1752ರಲ್ಲಿ ಬ್ರಿಟಿಷ್ ಪಾರ್ಲಿಮೆಂಟು ಈ ಗಣಿಯ ಕಳವಿಗೆ ಕಠಿಣ ದುಡಿಮೆ ಅಥವಾ ಗಡೀಪಾರು ಎಂದು ಶಾಸನವನ್ನೇ ಮಾಡಿತು.

1793ರಲ್ಲಿ ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ಹತ್ತಿತು. ಇಂಗ್ಲಿಷ್ ಗ್ರಾಫೈಟ್ ಫ್ರೆಂಚರ ಕೈಗೆ ಎಟುಕದಾಯಿತು. ಆಗ ಈ ಕೊರತೆಗೆ ಉಪಾಯ ಹುಡುಕಿದವನು ನಿಕೋಲಾಸ್ ಜಾಕ್ ಕಾಂಟೆ. ಅವನು ಚಿತ್ರಕಾರ, ಯಂತ್ರಕೋವಿದ; ಬಲೂನುಗಳಿಗೆ ತುಂಬುವ ಅನಿಲದ ಪ್ರಯೋಗದಲ್ಲಿ ಒಂದು ಕಣ್ಣನ್ನು ಕಳೆದುಕೊಂಡ ಸಾಹಸಿ. ಕೀಳುದರ್ಜೆಯ ಗ್ರಾಫೈಟನ್ನು ಪುಡಿಮಾಡಿ, ಜೇಡಿಮಣ್ಣಿನೊಡನೆ ಕಲಸಿ, ಕಡ್ಡಿಗಳಾಗಿ ಹೊಸೆದು, ಆವಿಗೆಯಲ್ಲಿ ಸುಟ್ಟನು. 1795ರಲ್ಲಿ ಅದಕ್ಕೆ ಸನ್ನದು ದೊರೆಯಿತು. ನಮ್ಮ ಕುಂಬಾರನಿಗೂ ಅಪರಿಚಿತವಲ್ಲದ ಕೆಲಸ! ಮಣ್ಣು ಹೆಚ್ಚಿದರೆ ಕಡ್ಡಿ ಗಡಸು, ಗೆರೆ ತಿಳಿ; ಕಡಮೆಯಾದರೆ ಮೆದು, ಗೆರೆ ಕಪ್ಪು. ಗಣಿ ಕೊಟ್ಟುದನ್ನೇ ಒಪ್ಪಿಕೊಳ್ಳುತ್ತಿದ್ದ ಚಿತ್ರಕಾರನು ಇನ್ನು ತನಗೆ ಬೇಕಾದ ಗಡಸನ್ನು ಆರಿಸಿಕೊಳ್ಳುವಂತಾದನು.

1815ರಲ್ಲಿ ನೆಪೋಲಿಯನ್ ಸೋತ ಬಳಿಕ ರೋಮಿನಲ್ಲಿದ್ದ ಫ್ರೆಂಚ್ ಚಿತ್ರಕಾರ ಆಂಗ್ರನಿಗೆ ಆಶ್ರಯದಾತರು ಇಲ್ಲವಾದರು. ಹೊಟ್ಟೆಪಾಡಿಗೆ ಅವನು ಯಾತ್ರಿಕರ ಮುಖಗಳನ್ನು ಗ್ರಾಫೈಟ್ ಕಡ್ಡಿಯಿಂದ ಬರೆದುಕೊಡತೊಡಗಿದನು. ಗಿರಾಕಿಗಳಲ್ಲಿ ಇಂಗ್ಲಿಷರೇ ಅನೇಕರೆಂಬುದು ವಿನೋದ. 1819ರಲ್ಲಿ ಪಿಟೀಲು ವಿದ್ವಾಂಸ ಪಗಾನೀನಿಯೂ ಅವನೆದುರು ನಿಂತನು. ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿರುವ ಆ ಚಿತ್ರದ ಅಚ್ಚುಪ್ರತಿ ಸಿಕ್ಕರೆ, ಮುಖದ ಮೇಲಿನ ಕೂದಲೆಳೆಯಂಥ ಗೆರೆಗಳನ್ನೂ ಅಂಗಿಯ ಮೇಲಿನ ದಟ್ಟ ಗೆರೆಗಳನ್ನೂ ಹೋಲಿಸಿ ನೋಡಿರಿ.